ಬಣ್ಣವಿಲ್ಲದ ನೆತ್ತರು: ಧ್ರುವಸಮುದ್ರದ ಮೀನುಗಳ ವಿಷಯದಲ್ಲಿ ಒಂದು ಸಾಕ್ಷ್ಯದ ಚರಿತ್ರೆ

೧

ಚರಿತ್ರೆಯನ್ನು ವಿಚಾರಿಸತಕ್ಕವನಿಗೆ ಎರಡು ಬಗೆಯ ತಪ್ಪುಗಳು ಸಹಜವಾಗಿ ಒದಗುತ್ತವೆ. ಕೇಳಿದ ಮಾತನ್ನೆಲ್ಲ ನಂಬಿಬಿಡುವುದು ಒಂದು. ತಾನು ಓದಿದ ಗ್ರಂಥಗಳಲ್ಲಿ ಇಲ್ಲವೆಂಬ ಒಂದೇ ಕಾರಣದಿಂದ ಕೇಳಿದ ಮಾತನ್ನು ತಳ್ಳಿಹಾಕುವುದು ಇನ್ನೊಂದು. ಮೊದಲನೆಯ ತಪ್ಪಿನ ವಿಷಯದಲ್ಲಿ ನಮ್ಮ ವಿದ್ವಾಂಸರು ಸಾಕಾದಷ್ಟು ಎಚ್ಚರಿಕೆ ಕೊಟ್ಟಿದ್ದಾರೆ. ಐತಿಹ್ಯವನ್ನು ಶಾಸನದ ಒರೆಗಲ್ಲಿಗೆ ಹಚ್ಚಿ ನೋಡಬೇಕೆಂಬ ನಿಯಮವು ಈಗ ಯಾರಿಗೂ ಹೊಸದಲ್ಲ. ಎರಡನೆಯ ತಪ್ಪಾದರೋ ಪಾಂಡಿತ್ಯದ ವೇಷವನ್ನು ತೊಟ್ಟು ಬರುವುದರಿಂದ ಅದನ್ನು ಗುರುತಿಸುವುದು ಕಷ್ಟ. ಅದನ್ನು ಮಾಡಿದವನು ತಾನು ಎಚ್ಚರಿಕೆಯಿಂದ ನಡೆದುಕೊಂಡೆನೆಂದೇ ಭಾವಿಸುತ್ತಾನೆ.

ಈ ಎರಡನೆಯ ತಪ್ಪಿಗೆ ಸ್ಪಷ್ಟವಾದ ಒಂದು ನಿದರ್ಶನವು ಪ್ರಕೃತಿವಿಜ್ಞಾನದ ಚರಿತ್ರೆಯಲ್ಲಿ ದೊರೆಯುತ್ತದೆ. ಭೂಮಿಯ ದಕ್ಷಿಣ ತುದಿಯ ಸಮುದ್ರದಲ್ಲಿ, ನೀರು ಹೆಪ್ಪುಗಟ್ಟುವ ಶೀತದಲ್ಲಿ, ಕೆಂಪು ನೆತ್ತರಿಲ್ಲದ ಮೀನುಗಳಿವೆಯೆಂದು ಅಲ್ಲಿನ ಕೆಲಸಗಾರರು ಹೇಳುತ್ತಿದ್ದರು. ವಿದ್ಯಾವಂತರು ಇದನ್ನು ನಾವಿಕರ ಕಟ್ಟುಕಥೆಯೆಂದೆಣಿಸಿದರು. ಕೊನೆಗೆ ಮಾತು ನಿಜವಾಯಿತು. ಆ ಮಾತಿನ ಹಿಂದೆಯೇ, ಶೀತಸಮುದ್ರದಲ್ಲಿ ಪ್ರಾಣಿಗಳು ಹೇಗೆ ಬದುಕುತ್ತವೆಂಬ ದೊಡ್ಡ ಪ್ರಶ್ನೆಗೂ ಉತ್ತರವು ಕ್ರಮಕ್ರಮವಾಗಿ ದೊರೆಯಿತು. ಆ ಉತ್ತರವು ಯಾರ ಸಾಕ್ಷ್ಯದಿಂದ ಹೇಗೆ ಸಿದ್ಧವಾಯಿತೆಂಬುದನ್ನು ಈ ಲೇಖನದಲ್ಲಿ ವಿಚಾರಮಾಡಬೇಕೆಂದು ಉದ್ದೇಶಿಸಿದೆ. ವಿಷಯವು ಸಾಹಿತ್ಯಕ್ಕೆ ದೂರವಾದುದೆಂದು ವಾಚಕರಿಗೆ ಮೊದಲಲ್ಲಿ ತೋರಬಹುದು. ಸಾಕ್ಷ್ಯವನ್ನು ತೂಗಿನೋಡುವ ಕ್ರಮವು ಮಾತ್ರ ಎಲ್ಲ ವಿದ್ಯೆಗಳಿಗೂ ಸಮಾನವಾದುದು.

೨

ಮೊದಲು ಸಮಸ್ಯೆಯ ಸ್ವರೂಪವನ್ನು ತಿಳಿಯಬೇಕು. ಸಿಹಿನೀರು ಸೊನ್ನೆ ಡಿಗ್ರಿಯಲ್ಲಿ ಮಂಜುಗಡ್ಡೆಯಾಗುತ್ತದೆ. ಸಮುದ್ರದ ನೀರಿನಲ್ಲಿ ಉಪ್ಪು ಕರಗಿರುವುದರಿಂದ ಅದು ಹೆಪ್ಪುಗಟ್ಟಬೇಕಾದರೆ ಸೊನ್ನೆಯ ಕೆಳಗೆ ಸುಮಾರು ೧.೯ ಡಿಗ್ರಿಗೆ ಇಳಿಯಬೇಕು. ಅಂಟಾರ್ಕ್ಟಿಕ ಖಂಡದ ಅಂಚಿನ ಸಮುದ್ರವು ವರ್ಷದ ಬಹುಭಾಗ ಈ ಎಲ್ಲೆಯಲ್ಲಿಯೇ ಇರುತ್ತದೆ. ಅಲ್ಲಿ ಮೇಲೆ ಮಂಜುಗಡ್ಡೆಯ ಹೊದಿಕೆ. ಕೆಳಗೆ, ತೀರದ ಹತ್ತಿರ, ಸಮುದ್ರದ ತಳಕ್ಕೂ ಮಂಜಿನ ಹರಳುಗಳು ಅಂಟಿಕೊಂಡಿರುತ್ತವೆ. ನಡುವಣ ನೀರಿನಲ್ಲಿಯೂ ಅದೇ ಹರಳುಗಳು ತೇಲುತ್ತಿರುತ್ತವೆ.

ಇಂತಹ ನೀರಿನಲ್ಲಿ ವಾಸಿಸುವ ಎಲ್ಲ ಪ್ರಾಣಿಗಳಿಗೂ ಕಷ್ಟವು ಒಂದೇ ತೆರನಾದುದಲ್ಲ. ತಿಮಿಂಗಿಲ, ಸೀಲು, ಪೆಂಗ್ವಿನ್ ಇವು ಬಿಸಿನೆತ್ತರಿನ ಪ್ರಾಣಿಗಳು. ತಮ್ಮ ಮೈಯ ಕಾವನ್ನು ತಾವೇ ಹುಟ್ಟಿಸಿಕೊಂಡು, ಕೊಬ್ಬಿನ ಪದರದಿಂದಲೋ ದಟ್ಟವಾದ ಗರಿಗಳಿಂದಲೋ ಅದನ್ನು ಕಾಪಾಡಿಕೊಳ್ಳುತ್ತವೆ. ಸ್ಪಂಜು, ನಕ್ಷತ್ರಮೀನು ಮೊದಲಾದ ಬೆನ್ನೆಲುಬಿಲ್ಲದ ಪ್ರಾಣಿಗಳ ಮೈಯೊಳಗಿನ ದ್ರವವು ಸಮುದ್ರದಷ್ಟೇ ಉಪ್ಪಾಗಿರುವುದರಿಂದ, ಹೊರಗಿನ ನೀರು ನೀರಾಗಿಯೇ ಇರುವವರೆಗೆ ಒಳಗಿನ ದ್ರವವೂ ದ್ರವವಾಗಿಯೇ ಇರುತ್ತದೆ. ಮೀನಿನ ಸ್ಥಿತಿ ಇವೆರಡಕ್ಕೂ ಬೇರೆ. ಅದಕ್ಕೆ ಸ್ವಂತ ಕಾವಿಲ್ಲ. ಸುತ್ತಣ ನೀರಿನ ಶೀತವೇ ಅದರ ಮೈಯ ಶೀತ. ಇತ್ತ ಅದರ ನೆತ್ತರಿನಲ್ಲಿರುವ ಉಪ್ಪಾದರೋ ಸಮುದ್ರದ ಉಪ್ಪಿನ ಮೂರನೆಯ ಒಂದು ಭಾಗದಷ್ಟು ಮಾತ್ರ. ಬೆಚ್ಚನೆಯ ಸಮುದ್ರದ ಸಾಧಾರಣ ಮೀನಿನ ನೆತ್ತರು ಸೊನ್ನೆಯ ಕೆಳಗೆ ಸುಮಾರು ೦.೭ ಡಿಗ್ರಿಯಲ್ಲಿಯೇ ಹೆಪ್ಪುಗಟ್ಟುತ್ತದೆ. ಹೀಗಿರುವಲ್ಲಿ ೧.೯ ಡಿಗ್ರಿಯ ಶೀತದಲ್ಲಿ ಮೀನು ಕಲ್ಲಿನಂತಾಗಿಹೋಗಬೇಕು. ಆಗುವುದಿಲ್ಲ, ಈಜುತ್ತದೆ, ಮೇಯುತ್ತದೆ, ಮರಿಮಾಡುತ್ತದೆ. ಇದಕ್ಕೆ ಕಾರಣವೇನು ಎಂಬುದೇ ಸಮಸ್ಯೆ.

೩

ಈ ಸಮುದ್ರದ ಪ್ರಾಣಿಗಳನ್ನು ಶಾಸ್ತ್ರೀಯವಾಗಿ ಸಂಗ್ರಹಿಸಿದ ಮೊದಲಿನ ಯಾತ್ರೆಗಳಲ್ಲಿ ಜೇಮ್ಸ್ ಕ್ಲಾರ್ಕ್ ರಾಸ್ ಎಂಬ ಆಂಗ್ಲ ನಾವಿಕರು ೧೮೩೯ರಿಂದ ೧೮೪೩ರವರೆಗೆ ನಡೆಸಿದ ಯಾತ್ರೆಯು ಮುಖ್ಯವಾದುದು. ಎರೆಬಸ್, ಟೆರರ್ ಎಂಬ ಎರಡು ಹಡಗುಗಳು ಮಂಜಿನ ದಡಗಳನ್ನು ಭೇದಿಸಿಕೊಂಡು ಅಲ್ಲಿಯವರೆಗೆ ಯಾರೂ ಹೋಗದ ದಕ್ಷಿಣ ಅಕ್ಷಾಂಶಗಳನ್ನು ಮುಟ್ಟಿದವು. ಎರೆಬಸ್ ಹಡಗಿನಲ್ಲಿ ಕಿರಿಯ ವೈದ್ಯರಾಗಿದ್ದ ಜೋಸೆಫ್ ಹೂಕರರು ಅಲ್ಲಿನ ಮಂಜುಗಡ್ಡೆಯು ಕಂದುಬಣ್ಣಕ್ಕೆ ತಿರುಗಿರುವುದನ್ನು ಗಮನಿಸಿ, ಅದು ಡಯಾಟಮ್ ಎಂಬ ಅತಿಸೂಕ್ಷ್ಮವಾದ ಸಸ್ಯಜೀವಿಗಳ ರಾಶಿಯೆಂದೂ ನೆಲದ ಮೇಲೆ ಹುಲ್ಲು ಮಾಡುವ ಕೆಲಸವನ್ನು ಆ ಸಮುದ್ರದಲ್ಲಿ ಅವು ಮಾಡುತ್ತವೆಂದೂ ಕಂಡುಕೊಂಡರು. ಬಂಜೆಯೆಂದು ತೋರುತ್ತಿದ್ದ ಸಮುದ್ರಕ್ಕೆ ಮೇವು ಎಲ್ಲಿಂದ ಬರುತ್ತದೆಂಬುದು ಇದರಿಂದ ಗೊತ್ತಾಯಿತು.

ಇದೇ ಯಾತ್ರೆಯಲ್ಲಿ ರಾಸರ ಬಲೆಯು ಸುಮಾರು ೩೦೦ ಮಾರುಗಳ ಆಳದಿಂದ ಜೀವಂತ ಪ್ರಾಣಿಗಳನ್ನು ಮೇಲಕ್ಕೆ ತಂದಿತು. ೧೮೪೩ರಲ್ಲಿ ಎಡ್ವರ್ಡ್ ಫೋರ್ಬ್ಸ್ ಎಂಬ ವಿದ್ವಾಂಸರು ಈಜಿಯನ್ ಸಮುದ್ರದಲ್ಲಿ ತಾವು ನೋಡಿದ್ದರ ಆಧಾರದ ಮೇಲೆ, ೩೦೦ ಮಾರುಗಳಿಂದ ಕೆಳಗೆ ಜೀವವೇ ಇರಲಾರದೆಂಬ ಅಭಿಪ್ರಾಯವನ್ನು ಮುಂದಿಟ್ಟರು. ಆ ಅಭಿಪ್ರಾಯವು ಒಂದೆರಡು ದಶಕಗಳ ಕಾಲ ಪ್ರಚಾರದಲ್ಲಿತ್ತು. ದಕ್ಷಿಣ ಸಮುದ್ರದ ಬಲೆಯಲ್ಲಿ ಬಂದ ಸಾಕ್ಷ್ಯಕ್ಕೆ ಸಿಕ್ಕಬೇಕಾದ ಬೆಲೆ ಸಿಕ್ಕಲಿಲ್ಲ. ಒಂದು ಸಮುದ್ರದಲ್ಲಿ ಕಂಡದ್ದನ್ನು ಎಲ್ಲ ಸಮುದ್ರಗಳಿಗೂ ಅನ್ವಯಿಸಿದ್ದು ಅಲ್ಲಿನ ದೋಷ.

ನಮ್ಮ ಪ್ರಕೃತಕ್ಕೆ ಹೆಚ್ಚು ಸೇರಿದ ಇನ್ನೊಂದು ಸಂಗತಿಯು ಟೆರರ್ ಹಡಗಿನಲ್ಲಿ ನಡೆಯಿತು. ಬಿರುಗಾಳಿಯ ಸಮಯದಲ್ಲಿ ಸಮುದ್ರದ ಸಿಡಿನೀರಿನೊಡನೆ ಒಂದು ಮೀನು ಹಡಗಿನ ಮುಂಭಾಗಕ್ಕೆ ಬಂದು ಬಡಿದು ಅಲ್ಲಿಯೇ ಹೆಪ್ಪುಗಟ್ಟಿ ಅಂಟಿಕೊಂಡಿತ್ತು. ಅದನ್ನು ಜೋಪಾನವಾಗಿ ಬಿಡಿಸಿ ತೆಗೆದರು. ಹಡಗಿನ ವೈದ್ಯರಾದ ರಾಬರ್ಟ್‌ಸನ್ನರು ಅದರ ಚಿತ್ರವನ್ನು ಬರೆಯುತ್ತಿದ್ದರು. ಅಷ್ಟರಲ್ಲಿ ಹಡಗಿನ ಬೆಕ್ಕು ಬಂದು ಮೀನನ್ನು ಕಚ್ಚಿಕೊಂಡು ಹೋಗಿ ತಿಂದುಬಿಟ್ಟಿತು! ಉಳಿದದ್ದು ಅರ್ಧಂಬರ್ಧವಾದ ಒಂದು ಚಿತ್ರ ಮಾತ್ರ. ಯಾತ್ರೆಯಲ್ಲಿ ದೊರೆತ ಮೀನುಗಳನ್ನು ವರ್ಣಿಸಿದ ಜಾನ್ ರಿಚರ್ಡ್‌ಸನ್ನರು ಆ ಚಿತ್ರವನ್ನೇ ಪ್ರಕಟಿಸಿ, ಹೆಪ್ಪಿಗೆ ಸಂಬಂಧಿಸಿದ ಗ್ರೀಕ್ ಶಬ್ದದಿಂದ ಪ್ಯಾಗೆಟೋಡಿಸ್ ಎಂಬ ಹೆಸರನ್ನು ಅದಕ್ಕೆ ಕೊಟ್ಟರು. ಈಗ ಹಿಮಮೀನುಗಳೆಂದು ಕರೆಯಲ್ಪಡುವ, ಕೆಂಪು ನೆತ್ತರಿಲ್ಲದ ಕುಲಕ್ಕೆ ಅದು ಸೇರಿದ್ದಿರಬೇಕೆಂದು ಮುಂದಿನ ವಿದ್ವಾಂಸರು ಊಹಿಸಿದ್ದಾರೆ. ಮೂಲಪ್ರತಿ ನಷ್ಟವಾಗಿ ಒಂದು ಉದ್ಧೃತ ಭಾಗ ಮಾತ್ರ ಉಳಿದಿರುವ ಗ್ರಂಥದಂತೆ ಈ ಮೀನಿನ ಅವಸ್ಥೆ. ಬೆಕ್ಕು ಹತ್ತಿರ ಬಾರದೆ ಇದ್ದಿದ್ದರೂ, ಹೆಪ್ಪುಗಟ್ಟಿದ ಮೀನಿನ ನೆತ್ತರಿನ ಬಣ್ಣವನ್ನು ಯಾರಾದರೂ ಗಮನಿಸುತ್ತಿದ್ದರೆಂಬುದಕ್ಕೆ ಭರವಸೆಯೇನೂ ಇಲ್ಲ.

೪

ಹೀಗೆ ಶಾಸ್ತ್ರಜ್ಞರ ಕೈಗೆ ಸಿಕ್ಕಿಯೂ ಸಿಕ್ಕದೆ ಹೋದ ಸಂಗತಿಯು ಮತ್ತೆ ಮೇಲಕ್ಕೆ ಬಂದದ್ದು ಕೂಲಿಯವರ ಬಾಯಿಂದ. ೧೯೦೪ರಲ್ಲಿ ನಾರ್ವೇ ದೇಶದ ಲಾರ್ಸೆನ್ ಎಂಬುವರು ಸೌತ್ ಜಾರ್ಜಿಯಾ ದ್ವೀಪದ ಗ್ರಿಟ್ವಿಕೆನ್ನಿನಲ್ಲಿ ತಿಮಿಂಗಿಲ ಬೇಟೆಯ ಠಾಣೆಯನ್ನು ಸ್ಥಾಪಿಸಿದರು. ಅಲ್ಲಿಂದ ಮುಂದೆ ವರ್ಷವರ್ಷವೂ ನಾರ್ವೇಜಿಯನ್ ಕೆಲಸಗಾರರು ಆ ಸಮುದ್ರಕ್ಕೆ ಹೋಗತೊಡಗಿದರು. ತಿಮಿಂಗಿಲವನ್ನು ಸೀಳಿ ಕೊಬ್ಬನ್ನು ಬೇರ್ಪಡಿಸುವುದು ಅವರ ಕಸಬು. ಊಟಕ್ಕಾಗಿ ಮೀನನ್ನೂ ಹಿಡಿಯುತ್ತಿದ್ದರು. ಮೀನನ್ನು ಕೊಯ್ದು ಅಡಿಗೆಮಾಡುವವನಿಗೆ ನೆತ್ತರಿನ ಬಣ್ಣವನ್ನು ನೋಡಲು ಸೂಕ್ಷ್ಮದರ್ಶಕವು ಬೇಕಾಗಿಲ್ಲ. ಇಲ್ಲಿ ನೆತ್ತರಿಲ್ಲದ ಒಂದು ಮೀನಿದೆಯೆಂಬುದು ಅವರಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತಾಗಿತ್ತು.

೧೯೨೭ರಲ್ಲಿ ನಾರ್ವೇಜಿಯಾ ಎಂಬ ಹಡಗಿನ ಯಾತ್ರೆಯೊಡನೆ ಬೂವೆ ದ್ವೀಪಕ್ಕೆ ಹೋಗಿದ್ದ ಜೀವಶಾಸ್ತ್ರಜ್ಞರಾದ ಡಿಟ್ಲೆಫ್ ರುಸ್ತಾಡರಿಗೆ ಬಿಳುಪಾದ, ಮೊಸಳೆಯ ಮೂತಿಯಂತಹ ಮೂತಿಯುಳ್ಳ ಒಂದು ಮೀನು ಸಿಕ್ಕಿತು. ಅದರ ನೆತ್ತರಿಗೆ ಬಣ್ಣವಿಲ್ಲದಿರುವುದನ್ನು ಅವರು ಗುರುತುಹಾಕಿಕೊಂಡರು, ಛಾಯಾಚಿತ್ರವನ್ನೂ ತೆಗೆದರು. ಎರಡು ವರ್ಷಗಳ ತರುವಾಯ, ೧೯೨೯ರಲ್ಲಿ, ಆಗ ಇನ್ನೂ ವಿದ್ಯಾರ್ಥಿಯಾಗಿದ್ದ ಯೋಹಾನ್ ರೂಡ್ ಎಂಬುವರು ತಿಮಿಂಗಿಲ ಬೇಟೆಯ ಹಡಗೊಂದರಲ್ಲಿ ಅದೇ ಸಮುದ್ರಕ್ಕೆ ಹೋದರು. ಅಲ್ಲಿನ ಕೆಲಸಗಾರರು ನೆತ್ತರಿಲ್ಲದ ಮೀನಿನ ವಿಷಯವನ್ನು ಅವರಿಗೆ ತಿಳಿಸಿದರು. ರೂಡರು ನಂಬಲಿಲ್ಲ. ಬೆನ್ನೆಲುಬುಳ್ಳ ಪ್ರಾಣಿಗಳಿಗೆಲ್ಲ ಕೆಂಪು ನೆತ್ತರಿರುತ್ತದೆಂದು ಅವರ ಪಾಠಗ್ರಂಥಗಳು ಹೇಳುತ್ತಿದ್ದವು. ಹೊಸದಾಗಿ ಬಂದ ವಿದ್ಯಾರ್ಥಿಯನ್ನು ನಾವಿಕರು ಹಾಸ್ಯಮಾಡುತ್ತಿರುವರೆಂದೇ ಅವರು ತಿಳಿದುಕೊಂಡರು. ಊರಿಗೆ ಹಿಂತಿರುಗಿದ ಮೇಲೆ ಈ ಮಾತನ್ನು ರುಸ್ತಾಡರೊಡನೆ ಪ್ರಸ್ತಾಪಿಸಿದಾಗ, ರುಸ್ತಾಡರು ತಾವು ಅಂತಹ ಮೀನನ್ನು ಕಣ್ಣಾರೆ ಕಂಡುದಾಗಿ ಹೇಳಿದರು.

ಇಲ್ಲಿ ವಾಚಕರು ಗಮನಿಸಬೇಕಾದ ಅಂಶವೊಂದಿದೆ. ಕೆಲಸಗಾರರ ಮಾತು, ರುಸ್ತಾಡರ ಗುರುತು ಇವೆರಡೂ ಒಂದರೊಡನೊಂದು ಸಂಬಂಧವಿಲ್ಲದ ಸಾಕ್ಷ್ಯಗಳು. ಬೇರೆಬೇರೆ ದ್ವೀಪಗಳಲ್ಲಿ ಬೇರೆಬೇರೆ ಜನರಿಗೆ ದೊರೆತವುಗಳು. ಸ್ವತಂತ್ರವಾದ ಎರಡು ಸಾಕ್ಷ್ಯಗಳು ಒಂದೇ ಮಾತನ್ನು ಹೇಳಿದಾಗ ಆ ಮಾತನ್ನು ಅಲಕ್ಷ್ಯಮಾಡಲು ಬರುವುದಿಲ್ಲ. ಆದರೂ ಪರೀಕ್ಷೆ ನಡೆಯುವುದಕ್ಕೆ ಇನ್ನೂ ಇಪ್ಪತ್ತಕ್ಕಿಂತ ಹೆಚ್ಚು ವರ್ಷಗಳು ಹಿಡಿದವು. ಮಧ್ಯೆ ಮಹಾಯುದ್ಧವೂ ಬಂದುಹೋಯಿತು. ೧೯೫೩ರಲ್ಲಿ ರೂಡರು, ಈಗ ಪ್ರಾಧ್ಯಾಪಕರಾಗಿ, ಸೌತ್ ಜಾರ್ಜಿಯಾಕ್ಕೆ ತಾವೇ ಹೋಗಿ ಮೀನನ್ನು ಹಿಡಿಸಿ ನೆತ್ತರನ್ನು ತೆಗೆದು ಪರೀಕ್ಷಿಸಿದರು. ನೆತ್ತರಿಗೆ ಕೆಂಪನ್ನು ಕೊಡುವ ಹಿಮೋಗ್ಲೋಬಿನ್ ಎಂಬ ವಸ್ತು ಅದರಲ್ಲಿ ಇರಲೇ ಇಲ್ಲ. ಕಿವಿರುಗಳು ಕೂಡ ಕೆನೆಯ ಬಣ್ಣದವು. ೧೯೫೪ರಲ್ಲಿ ಇದನ್ನು ಅವರು ಪ್ರಕಟಿಸಿದರು. ಪ್ರಾಯಕ್ಕೆ ಬಂದ ಮೇಲೂ ಹಿಮೋಗ್ಲೋಬಿನ್ ಇಲ್ಲದೆ ಬಾಳುವ, ಬೆನ್ನೆಲುಬುಳ್ಳ ಪ್ರಾಣಿಗಳ ಕುಲವು ಇದೊಂದೇ ಎಂಬುದು ಅಲ್ಲಿಂದ ಈಚೆಗೆ ಸ್ಥಿರವಾಗಿದೆ.

ಒಮ್ಮೆ ನಂಬದೆ ಹೋದೆನೆಂಬುದನ್ನು ರೂಡರು ಮುಚ್ಚಿಡದೆ ತಾವೇ ಬರೆದಿಟ್ಟಿದ್ದಾರೆ. ಆ ಪ್ರಾಮಾಣಿಕತೆಯಿಂದಲೇ ಈ ಸಾಕ್ಷ್ಯದ ಚರಿತ್ರೆಯು ನಮಗೆ ಉಳಿದಿದೆ. ಮೊದಲು ಹೇಳಿದ ಕೆಲಸಗಾರರ ಹೆಸರುಗಳು ಮಾತ್ರ ಯಾವ ಮೀನಿನ ಹೆಸರಿಗೂ ಸೇರಲಿಲ್ಲ.

೫

ಕೆಲಸಗಾರರ ಮಾತು ನಿಜವಾದರೂ ಅಕ್ಷರಶಃ ನಿಜವಲ್ಲ. ಮೀನಿಗೆ ನೆತ್ತರಿಲ್ಲವೆಂದು ಅವರು ಹೇಳಿದರು, ನೆತ್ತರಿದೆ, ಬಣ್ಣವಿಲ್ಲ. ಈ ಭೇದವು ಸಣ್ಣದಲ್ಲ. ಹಿಮೋಗ್ಲೋಬಿನ್ ಪ್ರಾಣವಾಯುವನ್ನು ಹೊರುವ ವಾಹನ. ಅದಿಲ್ಲದಿದ್ದಲ್ಲಿ ನೆತ್ತರಿನ ನೀರಿನಲ್ಲಿ ಎಷ್ಟು ಪ್ರಾಣವಾಯು ಕರಗುವುದೋ ಅಷ್ಟರಲ್ಲಿಯೇ ಮೀನು ಜೀವಿಸಬೇಕು. ಹಿಮಮೀನಿನ ನೆತ್ತರು ಹೊರುವ ಪ್ರಾಣವಾಯುವು ಅದರ ಕೆಂಪುನೆತ್ತರಿನ ಬಂಧುಗಳ ನೆತ್ತರು ಹೊರುವುದರ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಹಾಗಾದರೆ ಬದುಕುವುದು ಹೇಗೆ?

ಶೀತವೇ ಇಲ್ಲಿ ಸಹಾಯಕ್ಕೆ ಬರುತ್ತದೆ. ನೀರು ತಣ್ಣಗಾದಷ್ಟೂ ಅದರಲ್ಲಿ ಪ್ರಾಣವಾಯು ಹೆಚ್ಚಾಗಿ ಕರಗುತ್ತದೆ. ಇಪ್ಪತ್ತು ಡಿಗ್ರಿಯ ಸಮುದ್ರಕ್ಕಿಂತ ಸೊನ್ನೆ ಡಿಗ್ರಿಯ ಸಮುದ್ರದಲ್ಲಿ ಅದು ಸುಮಾರು ಒಂದೂವರೆ ಪಟ್ಟು ಇರುತ್ತದೆ. ಶೀತದಲ್ಲಿ ಮೈಯ ವ್ಯಾಪಾರಗಳೆಲ್ಲ ಮಂದವಾಗುವುದರಿಂದ ಬೇಕಾಗುವುದೂ ಕಡಿಮೆ. ಇದಲ್ಲದೆ ಹಿಮಮೀನಿನ ಹೃದಯವು ಬಹು ದೊಡ್ಡದು, ರಕ್ತನಾಳಗಳು ಅಗಲವಾದವು, ಮೈಯಲ್ಲಿರುವ ನೆತ್ತರಿನ ಪ್ರಮಾಣವು ಇತರ ಮೀನುಗಳಲ್ಲಿರುವುದಕ್ಕಿಂತ ಎರಡರಿಂದ ನಾಲ್ಕು ಪಟ್ಟು ಹೆಚ್ಚು. ಹುರುಪೆಯಿಲ್ಲದ ಚರ್ಮದ ಮೂಲಕವೂ ಸ್ವಲ್ಪ ಪ್ರಾಣವಾಯು ಒಳಕ್ಕೆ ಸೇರುತ್ತದೆ. ಗಾಡಿಯಿಲ್ಲದವನು ಹಲವು ಸಲ ನಡೆದು ಹೊರೆಯನ್ನು ಸಾಗಿಸುವಂತೆ, ಈ ಮೀನು ತೆಳುವಾದ ನೆತ್ತರನ್ನು ಅಧಿಕವಾಗಿ ಹರಿಯಿಸಿ ಕೆಲಸವನ್ನು ಸಾಗಿಸುತ್ತದೆ.

ಈ ಲೋಪವು ಮೀನಿಗೆ ಲಾಭಕ್ಕಾಗಿಯೇ ಆದುದೆಂದು ಕೆಲವರು ವಾದಿಸಿದರು. ಕೆಂಪುಕಣಗಳಿಲ್ಲದಿದ್ದರೆ ಶೀತದಲ್ಲಿ ನೆತ್ತರು ಮಂದವಾಗದೆ ಸುಲಭವಾಗಿ ಹರಿಯುವುದೆಂಬುದು ಅವರ ಯುಕ್ತಿ. ಈ ವಾದವನ್ನು ಬ್ರೂಸ್ ಸೈಡೆಲ್ ಮೊದಲಾದವರು ಲೆಕ್ಕಹಾಕಿ ನೋಡಿದರು. ಅಷ್ಟೊಂದು ನೆತ್ತರನ್ನು ತಳ್ಳುವುದಕ್ಕೆ ಹೃದಯವು ವೆಚ್ಚಮಾಡಬೇಕಾದ ಶಕ್ತಿಯು ಉಳಿತಾಯವನ್ನು ಮೀರುತ್ತದೆಂದು ಅವರು ತೋರಿಸಿದ್ದಾರೆ. ಹಿಮೋಗ್ಲೋಬಿನ್ ಆಕಸ್ಮಿಕವಾಗಿ ಕಳೆದುಹೋಯಿತು. ಪ್ರಾಣವಾಯು ಸಮೃದ್ಧವಾಗಿದ್ದ ಶೀತಸಮುದ್ರದಲ್ಲಿ ಆ ನಷ್ಟವನ್ನು ತಾಳಿಕೊಳ್ಳುವುದು ಸಾಧ್ಯವಾಯಿತು. ದೊಡ್ಡ ಹೃದಯ ಮೊದಲಾದುವು ಆ ನಷ್ಟಕ್ಕೆ ಮಾಡಿಕೊಂಡ ಪರಿಹಾರಗಳು. ಈ ಅಭಿಪ್ರಾಯವೇ ಹೆಚ್ಚು ಸಮಂಜಸವಾಗಿ ತೋರುತ್ತದೆ. ೧೯೯೫ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಹಿಮೋಗ್ಲೋಬಿನ್ನನ್ನು ರಚಿಸುವ ಎರಡು ವಂಶವಾಹಿಗಳಲ್ಲಿ ಒಂದು ಪೂರ್ತಿಯಾಗಿ ಅಳಿದಿರುವುದೂ ಇನ್ನೊಂದರ ಮುರುಕು ಮಾತ್ರ ಉಳಿದಿರುವುದೂ ಕಂಡುಬಂದವು. ಅಕ್ಷರ ಸವೆದ ಶಾಸನದಂತೆ ಆ ಮುರುಕು, ಇವುಗಳ ಪೂರ್ವಿಕರಿಗೆ ಒಂದು ಕಾಲದಲ್ಲಿ ಕೆಂಪುನೆತ್ತರಿತ್ತೆಂಬುದಕ್ಕೆ ಸಾಕ್ಷಿಯಾಗಿ ನಿಂತಿದೆ. ಸಂಗತಿಯನ್ನು ಒಪ್ಪಿಕೊಳ್ಳುವುದು ಬೇರೆ. ಅದಕ್ಕೆ ಸೊಗಸಾದ ಕಾರಣವನ್ನು ಹೊಂದಿಸುವುದು ಬೇರೆ. ಮೊದಲನೆಯದರಲ್ಲಿ ನಿಧಾನಿಸಿದ ವಿದ್ವಾಂಸರು ಎರಡನೆಯದರಲ್ಲಿ ಅವಸರಪಟ್ಟರೆನ್ನಬೇಕು.

೬

ನೆತ್ತರಿನ ಬಣ್ಣದ ಪ್ರಶ್ನೆಯು ಇಷ್ಟಕ್ಕೆ ಬಗೆಹರಿಯಿತು. ಆದರೆ ಮೊದಲಿನ ಸಮಸ್ಯೆಯು ಹಾಗೆಯೇ ಉಳಿಯಿತು. ಕೆಂಪಾಗಿರಲಿ, ಬಿಳುಪಾಗಿರಲಿ, ಆ ನೆತ್ತರು ಹೆಪ್ಪುಗಟ್ಟದೆ ಇರುವುದೇಕೆ? ಇದಕ್ಕೆ ಮೊದಲನೆಯ ಸುಳಿವು ದಕ್ಷಿಣದಲ್ಲಲ್ಲ, ಉತ್ತರದಲ್ಲಿ ದೊರೆಯಿತು. ಕೆನಡದ ಲಾಬ್ರಡಾರಿನ ಹೆಬ್ರಾನ್ ಕೊಲ್ಲಿಯ ತಳದ ನೀರು ಬೇಸಗೆಯಲ್ಲಿಯೂ ಸೊನ್ನೆಯ ಕೆಳಗೆ ೧.೭ ಡಿಗ್ರಿಯಷ್ಟಿರುತ್ತದೆ. ಪರ್ ಷೊಲಾಂಡರರೂ ಅವರ ಸಂಗಡಿಗರೂ ಅಲ್ಲಿನ ಮೀನುಗಳನ್ನು ಪರೀಕ್ಷಿಸಿ ೧೯೫೭ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ತಳದ ಮೀನುಗಳ ನೆತ್ತರು ಸುಮಾರು ಒಂದು ಡಿಗ್ರಿಯ ಶೀತಕ್ಕೇ ಹೆಪ್ಪುಗಟ್ಟತಕ್ಕದ್ದು. ಆದರೂ ಅವು ಅದಕ್ಕಿಂತ ತಣ್ಣನೆಯ ನೀರಿನಲ್ಲಿ ಆರಾಮವಾಗಿ ಈಜುತ್ತಿದ್ದವು. ಅವನ್ನು ಮೇಲಕ್ಕೆ ತಂದು ಮಂಜಿನ ಚೂರನ್ನು ಸೋಕಿಸಿದರೆ ಸಾಕು, ಕ್ಷಣದಲ್ಲಿ ಹೆಪ್ಪುಗಟ್ಟಿ ಸಾಯುತ್ತಿದ್ದವು.

ಇದನ್ನು ವಿವರಿಸುವುದಕ್ಕೆ ನಮ್ಮ ಭಾಷೆಯಲ್ಲಿ ದೂರ ಹುಡುಕಬೇಕಾಗಿಲ್ಲ. ಹೆಪ್ಪು ಎಂಬ ಮಾತನ್ನು ಹಾಲಿಗೂ ನೆತ್ತರಿಗೂ ನೀರಿಗೂ ನಾವು ಒಂದೇ ಆಗಿ ಬಳಸುತ್ತೇವೆ. ಹದವಾದ ಹಾಲು ತಾನಾಗಿಯೇ ಮೊಸರಾಗುವುದಿಲ್ಲ. ಒಂದು ತೊಟ್ಟು ಹೆಪ್ಪು ಬಿದ್ದರೆ ಪಾತ್ರೆಯ ಹಾಲೆಲ್ಲ ಹೆಪ್ಪಾಗುತ್ತದೆ. ಹಾಲಿನದು ಜೀವಾಣುಗಳ ಕೆಲಸ, ನೀರಿನದು ಹರಳಿನ ಕೆಲಸ. ಕಾರಣಗಳು ಬೇರೆಯಾದರೂ ಕ್ರಮವು ಒಂದೇ. ಅತಿಶೀತಕ್ಕೆ ಇಳಿದ ದ್ರವವೂ ಮಂಜಿನ ಒಂದು ಹರಳು ಸೋಕುವವರೆಗೆ ದ್ರವವಾಗಿಯೇ ಇರಬಲ್ಲದು. ಸೋಕಿದೊಡನೆ ಎಲ್ಲವೂ ಕಟ್ಟಿಕೊಳ್ಳುತ್ತದೆ. ಲಾಬ್ರಡಾರಿನ ಆಳದ ಮೀನುಗಳು ಮಂಜು ಇಳಿಯದ ತಳದಲ್ಲಿ ವಾಸಿಸುವುದರಿಂದ ಅವಕ್ಕೆ ಹೆಪ್ಪು ಸೋಕುತ್ತಿರಲಿಲ್ಲ. ಅಷ್ಟೇ ಅವುಗಳ ಗುಟ್ಟು. ಆದರೆ ಅದೇ ಕೊಲ್ಲಿಯ ಮೇಲಣ ನೀರಿನ ಮೀನುಗಳು ಚಳಿಗಾಲದಲ್ಲಿ ಮಂಜಿನ ನಡುವೆಯೇ ಜೀವಿಸುತ್ತಿದ್ದವು. ಅವುಗಳ ನೆತ್ತರಿನಲ್ಲಿ ಬೇರೆ ಏನೋ ಇರಬೇಕೆಂದು ಷೊಲಾಂಡರರಿಗೆ ತೋರಿತು. ಆ ವಸ್ತು ಯಾವುದೆಂಬುದು ಅವರ ಕೈಗೆ ಸಿಕ್ಕಲಿಲ್ಲ.

ಅದನ್ನು ಕಂಡುಹಿಡಿದವರು ಅಮೆರಿಕದ ಆರ್ಥರ್ ಡಿವ್ರೀಸರು. ೧೯೬೧ರಲ್ಲಿ ಇನ್ನೂ ತರುಣರಾಗಿದ್ದ ಅವರು ಡೊನಾಲ್ಡ್ ವೋಲ್‌ಷ್ಲಾಗರ ತಂಡವನ್ನು ಸೇರಿ ಅಂಟಾರ್ಕ್ಟಿಕದ ಮ್ಯಾಕ್‌ಮರ್ಡೋ ಕೊಲ್ಲಿಗೆ ಹೋದರು. ಹಿಂದೆ ಹೇಳಿದಂತೆ ಅಲ್ಲಿ ಮಂಜಿನ ಹರಳು ಸೋಕದ ಸ್ಥಳವೇ ಅಪೂರ್ವ. ಅಲ್ಲಿನ ಮೀನುಗಳ ನೆತ್ತರಿನ ಶೀತಸಹಿಷ್ಣುತೆಗೆ ಉಪ್ಪುಗಳು ಒಂದು ಭಾಗಕ್ಕೆ ಮಾತ್ರ ಕಾರಣವೆಂದೂ, ಉಳಿದ ಭಾಗಕ್ಕೆ ಪ್ರೋಟೀನು ಮತ್ತು ಸಕ್ಕರೆ ಸೇರಿ ಆದ ಒಂದು ದೊಡ್ಡ ಅಣುವೇ ಕಾರಣವೆಂದೂ ಅವರಿಬ್ಬರೂ ೧೯೬೯ರಲ್ಲಿ ಪ್ರಕಟಿಸಿದರು. ಅದರ ರಚನೆಯು ಬಹಳ ಸರಳವಾದುದು. ಅಲನೀನ್, ಅಲನೀನ್, ಥ್ರಿಯೊನೀನ್ ಎಂಬ ಮೂರು ಘಟಕಗಳು ಅದೇ ಕ್ರಮದಲ್ಲಿ ಮತ್ತೆ ಮತ್ತೆ ಬರುತ್ತವೆ. ಪ್ರತಿಯೊಂದು ಥ್ರಿಯೊನೀನಿಗೂ ಒಂದು ಜೋಡಿ ಸಕ್ಕರೆ ಅಂಟಿಕೊಂಡಿರುತ್ತದೆ. ಒಂದೇ ಗಣವು ಮರಳಿ ಮರಳಿ ಬರುವ ಪದ್ಯದಂತೆ ಅದರ ಓಟ.

ಈ ಅಣುವು ಕೆಲಸಮಾಡುವ ಕ್ರಮವನ್ನು ೧೯೭೭ರಲ್ಲಿ ಜೇಮ್ಸ್ ರೇಮಂಡರೂ ಡಿವ್ರೀಸರೂ ವಿವರಿಸಿದರು. ಅದು ಉಪ್ಪಿನಂತೆ ನೀರಿನಲ್ಲೆಲ್ಲ ಕರಗಿ ಶೀತವನ್ನು ತಡೆಯುವುದಲ್ಲ. ನೆತ್ತರಿನೊಳಕ್ಕೆ ಹೊಕ್ಕ ಮಂಜಿನ ಹರಳನ್ನೇ ಹುಡುಕಿ ಅದರ ಮೈಗೆ ಅಂಟಿಕೊಳ್ಳುತ್ತದೆ. ಅಂಟಿಕೊಂಡ ಕಡೆಗಳಲ್ಲಿ ಹರಳು ಬೆಳೆಯಲಾರದು. ಶತ್ರುವನ್ನು ಊರಿನಿಂದ ಹೊರದೂಡದೆ, ಹೊಕ್ಕಲ್ಲಿಯೇ ಕೈಕಟ್ಟಿ ಕೂರಿಸುವ ಉಪಾಯ ಇದು. ಆದುದರಿಂದ ಇಲ್ಲಿನ ಮೀನಿನ ಮೈಯಲ್ಲಿ ಮಂಜಿಲ್ಲವೆಂದು ಹೇಳುವುದು ಸರಿಯಲ್ಲ. ಮಂಜಿದೆ, ಬೆಳೆಯದಂತೆ ಸೆರೆಯಲ್ಲಿದೆ. ಹಿಮಮೀನುಗಳೂ ಅವುಗಳ ಕೆಂಪುನೆತ್ತರಿನ ಬಂಧುಗಳೂ ಒಂದೇ ವಂಶದವು. ಈ ರಕ್ಷಕವು ಎರಡಕ್ಕೂ ಉಂಟು.

೭

ಈ ಅಣುವಿನ ಪೂರ್ವಚರಿತ್ರೆಯು ನಮ್ಮಂತಹವರಿಗೆ ವಿಶೇಷವಾಗಿ ಬೋಧಪ್ರದವಾದುದು. ೧೯೯೭ರಲ್ಲಿ ಚೆನ್, ಡಿವ್ರೀಸ್, ಚೆಂಗ್ ಎಂಬ ಮೂವರು ಅದರ ವಂಶವಾಹಿಯನ್ನು ಪರಿಶೋಧಿಸಿ, ಅದು ಟ್ರಿಪ್ಸಿನೋಜನ್ ಎಂಬ ಜೀರ್ಣರಸವನ್ನು ರಚಿಸುವ ವಂಶವಾಹಿಯಿಂದ ಹುಟ್ಟಿತೆಂದು ತೋರಿಸಿದರು. ಆಹಾರವನ್ನು ಜೀರ್ಣಿಸುವುದಕ್ಕಿದ್ದ ವಂಶವಾಹಿಯ ಒಂದು ಚಿಕ್ಕ ತುಣುಕು ಮತ್ತೆ ಮತ್ತೆ ಇಮ್ಮಡಿಸಿ, ಮಂಜನ್ನು ಹಿಡಿಯುವ ಹೊಸ ಕೆಲಸಕ್ಕೆ ಬಂದಿತು. ಉತ್ತರಧ್ರುವದ ಕಾಡ್ ಎಂಬ ಮೀನಿನಲ್ಲಿಯೂ ಇದೇ ಮೂರು ಘಟಕಗಳ, ಇದೇ ಬಗೆಯ ಅಣು ದೊರೆಯುತ್ತದೆ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದವರು ಅವು ಒಂದೇ ಮೂಲದಿಂದ ಬಂದವೆಂದು ಹೇಳದೆ ಇರಲಾರರು. ಆದರೆ ಕಾಡ್ ಮೀನಿನ ವಂಶವಾಹಿಗೆ ಟ್ರಿಪ್ಸಿನೋಜನ್ನಿನ ಸಂಬಂಧವಿಲ್ಲ. ಅಲ್ಲಿ ಅದು, ಅದುವರೆಗೆ ಯಾವ ಪ್ರೋಟೀನನ್ನೂ ರಚಿಸದೆ ಇದ್ದ ಭಾಗದಿಂದ ಹೊಸದಾಗಿ ರೂಪುಗೊಂಡಿತೆಂದು ೨೦೧೯ರಲ್ಲಿ ಪ್ರಕಟವಾದ ಸಂಶೋಧನೆಯು ತಿಳಿಸುತ್ತದೆ.

ಇಬ್ಬರು ಕವಿಗಳಲ್ಲಿ ಒಂದೇ ಬಗೆಯ ಕಲ್ಪನೆ ಕಂಡೊಡನೆ ಒಬ್ಬನು ಇನ್ನೊಬ್ಬನಿಂದ ತೆಗೆದುಕೊಂಡನೆಂದೋ ಇಬ್ಬರಿಗೂ ಮೂರನೆಯ ಮೂಲವಿತ್ತೆಂದೋ ನಿರ್ಣಯಿಸುವ ಅಭ್ಯಾಸವು ನಮ್ಮಲ್ಲಿಯೂ ಇದೆ. ಸಾದೃಶ್ಯವು ಸಂಬಂಧಕ್ಕೆ ಸೂಚನೆಯೇ ಹೊರತು ಪ್ರಮಾಣವಲ್ಲ. ಒಂದೇ ಬಗೆಯ ಅಗತ್ಯವು ಎರಡು ಕಡೆ ಒಂದೇ ಬಗೆಯ ರೂಪವನ್ನು ಸ್ವತಂತ್ರವಾಗಿ ಹುಟ್ಟಿಸಬಹುದೆಂಬುದಕ್ಕೆ ಭೂಮಿಯ ಎರಡು ತುದಿಗಳ ಈ ಮೀನುಗಳಿಗಿಂತ ಬಲವಾದ ನಿದರ್ಶನವು ಸಿಕ್ಕುವುದು ಕಷ್ಟ.

ಸೆರೆಯಲ್ಲಿಟ್ಟ ಮಂಜು ಕಡೆಗೆ ಏನಾಗುತ್ತದೆಂಬುದೂ ವಿಚಾರಣೀಯವೇ. ಹರಳುಗಳು ಮೀನಿನ ಗುಲ್ಮದಲ್ಲಿ ಸೇರಿಕೊಳ್ಳುತ್ತವೆ. ಬೇಸಗೆ ಬಂದು ನೀರು ಸ್ವಲ್ಪ ಬೆಚ್ಚಗಾದಾಗ ಕರಗಬಹುದೆಂದು ಎಣಿಸುವುದು ಸಹಜ. ಆದರೆ ಹರಳನ್ನು ಬೆಳೆಯದಂತೆ ತಡೆಯುವ ಅಣುವೇ ಅದನ್ನು ಸುಲಭವಾಗಿ ಕರಗದಂತೆಯೂ ತಡೆಯುತ್ತದೆಂದು ಸಿಜಿಕೋ ಮತ್ತು ಅವರ ಸಂಗಡಿಗರು ೨೦೧೪ರಲ್ಲಿ ತೋರಿಸಿದರು. ಕಾಪಾಡಿದ ಉಪಾಯವೇ ಒಂದು ಹೊರೆಯನ್ನೂ ತಂದಿಟ್ಟಿತು.

೮

ಹೊರೆಯ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನು ಹೇಳಿ ಮುಗಿಸಬೇಕಾಗಿದೆ. ಈ ಮೀನುಗಳು ಶೀತವನ್ನು ಗೆದ್ದವೆಂದು ಹೊಗಳುವುದು ವಾಡಿಕೆ. ನಿಜವಾಗಿ ಅವು ಶೀತಕ್ಕೆ ಒಪ್ಪಿಸಿಕೊಂಡಿವೆ. ೧೯೬೭ರಲ್ಲಿ ಸೊಮೆರೋ ಮತ್ತು ಡಿವ್ರೀಸರು ಮ್ಯಾಕ್‌ಮರ್ಡೋ ಕೊಲ್ಲಿಯ ಮೀನುಗಳನ್ನು ಪರೀಕ್ಷಿಸಿದಾಗ ಅವು ಸೊನ್ನೆಯ ಮೇಲೆ ಆರು ಡಿಗ್ರಿಯ ಸುಮಾರಿಗೇ ಸಾಯುವುದು ಕಂಡುಬಂದಿತು. ನಮಗೆ ಕೈಯಿಡಲಾರದಷ್ಟು ತಣ್ಣಗಿರುವ ನೀರು ಅವಕ್ಕೆ ಸುಡುವ ನೀರು. ಹಿಮಮೀನಿನ ಸ್ಥಿತಿಯು ಇನ್ನೂ ನಾಜೂಕಾದುದು. ನೀರು ಬೆಚ್ಚಗಾದರೆ ಅದರಲ್ಲಿ ಕರಗಿರುವ ಪ್ರಾಣವಾಯು ಕಡಿಮೆಯಾಗುತ್ತದೆ. ಮೈಗೆ ಬೇಕಾಗುವ ಪ್ರಾಣವಾಯುವಾದರೋ ಹೆಚ್ಚುತ್ತದೆ. ಹೊರುವ ವಾಹನವನ್ನು ಬಹುಕಾಲದ ಹಿಂದೆಯೇ ಕಳೆದುಕೊಂಡುದಕ್ಕೆ ಅದನ್ನು ಮರಳಿ ಪಡೆಯುವ ದಾರಿಯಿಲ್ಲ. ಅಂಟಾರ್ಕ್ಟಿಕ ಪರ್ಯಾಯದ್ವೀಪದ ಪಶ್ಚಿಮದ ಸಮುದ್ರವು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದೀಚೆಗೆ ಬೆಚ್ಚಗಾಗಿದೆಯೆಂಬುದು ಅಳತೆಗಳಿಂದ ಸಿದ್ಧವಾಗಿರುವ ವಿಷಯ. ಕೋಟ್ಯಂತರ ವರ್ಷಗಳಲ್ಲಿ ಮಾಡಿಕೊಂಡ ಹೊಂದಾಣಿಕೆಯು ಕೆಲವು ದಶಕಗಳ ಬದಲಾವಣೆಯೊಡನೆ ಹೆಜ್ಜೆಹಾಕಬಲ್ಲುದೇ ಎಂಬುದು ಈಗಿನ ಪ್ರಶ್ನೆ.

ಮನುಷ್ಯನ ಬಲೆಯೂ ಅಲ್ಲಿಗೆ ಮುಟ್ಟಿತು. ೧೯೭೦ರಿಂದೀಚೆಗೆ ದಕ್ಷಿಣ ಸಮುದ್ರದಲ್ಲಿ ಹಿಮಮೀನಿನ ಒಂದು ಜಾತಿಯನ್ನು ಅಪಾರವಾಗಿ ಹಿಡಿದು ಅದರ ಸಂತತಿಯನ್ನು ಕುಗ್ಗಿಸಿದರು. ೧೯೮೦ರಲ್ಲಿ ಅಲ್ಲಿನ ಜೀವಸಂಪತ್ತಿನ ರಕ್ಷಣೆಗಾಗಿ ರಾಷ್ಟ್ರಗಳೊಳಗೆ ಒಂದು ಒಪ್ಪಂದವಾಗಿ, ೧೯೮೨ರಲ್ಲಿ ಅದು ಜಾರಿಗೆ ಬಂದಿತು. ಭಾರತವೂ ಆ ಒಪ್ಪಂದಕ್ಕೆ ಸೇರಿದ ರಾಷ್ಟ್ರಗಳಲ್ಲೊಂದು.

ಈ ಸಮುದ್ರವನ್ನು ನಾವು ತಿಳಿದು ಮುಗಿಸಿದೆವೆಂದು ಯಾರೂ ಹೇಳಲಾರರು. ೨೦೨೧ರಲ್ಲಿ ಪೋಲಾರ್‌ಸ್ಟೆರ್ನ್ ಎಂಬ ಜರ್ಮನ್ ಸಂಶೋಧನ ನೌಕೆಯು ವೆಡೆಲ್ ಸಮುದ್ರದಲ್ಲಿ, ಸುಮಾರು ಅರ್ಧ ಕಿಲೋಮೀಟರ್ ಆಳದಲ್ಲಿ, ಹಿಮಮೀನುಗಳ ಗೂಡುಗಳ ಒಂದು ಮಹಾನಗರವನ್ನೇ ಕಂಡಿತು. ಸುಮಾರು ೨೪೦ ಚದರ ಕಿಲೋಮೀಟರ್ ಪ್ರದೇಶದಲ್ಲಿ ಸುಮಾರು ಆರು ಕೋಟಿ ಗೂಡುಗಳಿವೆ ಎಂದು ಮರುವರ್ಷ ಪ್ರಕಟವಾದ ಅಂದಾಜು ಹೇಳುತ್ತದೆ. ಬಹುಮಟ್ಟಿಗೆ ಒಂದೊಂದು ಗೂಡನ್ನೂ ಒಂದೊಂದು ಮೀನು ಕಾದುಕೊಂಡಿತ್ತು. ಬೆಕ್ಕಿನ ಬಾಯಿಗೆ ಹೋದ ಮೀನಿನ ಬಂಧುಗಳು ಇಷ್ಟು ಸಂಖ್ಯೆಯಲ್ಲಿ ಒಂದೆಡೆ ಮನೆಮಾಡಿಕೊಂಡಿವೆಯೆಂಬುದನ್ನು ಲೋಕವು ತಿಳಿಯುವುದಕ್ಕೆ ರಾಸರ ಯಾತ್ರೆಯಿಂದ ೧೮೦ ವರ್ಷಗಳು ಬೇಕಾದವು.

ಒಟ್ಟಿನಲ್ಲಿ ಈ ಚರಿತ್ರೆಯಿಂದ ತಿಳಿದುಬರುವುದೇನೆಂದರೆ: ಸಂಗತಿಯನ್ನು ಮೊದಲು ಕಂಡವರು ಕೆಲಸಗಾರರು; ಅದನ್ನು ತಳ್ಳಿಹಾಕಿದ್ದು ಗ್ರಂಥವನ್ನು ಮಾತ್ರ ನಂಬಿದ ವಿದ್ಯೆ; ಅದನ್ನು ಎತ್ತಿಹಿಡಿದದ್ದು ಪರೀಕ್ಷೆಗೆ ಸಿದ್ಧವಾದ ವಿದ್ಯೆ. ಕೆಲಸಗಾರರ ಮಾತನ್ನು ಹಾಗೆಯೇ ನಂಬಿದ್ದರೆ, ನೆತ್ತರೇ ಇಲ್ಲದ ಮೀನೆಂಬ ತಪ್ಪು ಉಳಿಯುತ್ತಿತ್ತು. ನಂಬದೆಯೇ ಬಿಟ್ಟಿದ್ದರೆ ಮೀನೇ ಮರೆಯಾಗುತ್ತಿತ್ತು. ನಮ್ಮ ಹಳ್ಳಿಗಳಲ್ಲಿ, ಬೆಸ್ತರಲ್ಲಿ, ಕುರುಬರಲ್ಲಿ, ಒಕ್ಕಲಿಗರಲ್ಲಿ ಬಾಯಿಂದ ಬಾಯಿಗೆ ಬಂದಿರುವ ಎಷ್ಟೋ ಮಾತುಗಳನ್ನು ಸಂಗ್ರಹಿಸುವ ಕೆಲಸದಲ್ಲಿ ತೊಡಗಿರುವವರು ಇವೆರಡು ಅಪಾಯಗಳನ್ನೂ ನೆನಪಿನಲ್ಲಿಡುವುದು ಒಳ್ಳೆಯದು. ಕೇಳಿದ್ದನ್ನು ಹೇಳಿದವರ ಮಾತಿನಲ್ಲಿಯೇ ಬರೆದಿಡುವುದು, ಹೇಳಿದವರ ಹೆಸರನ್ನು ಉಳಿಸುವುದು, ಆಮೇಲೆ ಪರೀಕ್ಷಿಸುವುದು; ಕ್ರಮವು ಇದಾಗಬೇಕು. ಇದರಲ್ಲಿ ನ್ಯೂನಾತಿರೇಕಗಳಿದ್ದರೆ ವಿದ್ವಾಂಸರು ತಿದ್ದಬೇಕೆಂದು ಪ್ರಾರ್ಥಿಸುತ್ತೇನೆ.